ಐವತ್ತು ಸಲ ಹೋಗಿ ಬರುವ ದೂರ

ಹಳ್ಳಿಗಳಲ್ಲಿ ಥೆರಪಿಯವರು, ಟೆಕ್ನಿಷಿಯನ್‌ಗಳು ಸಿಗದಿರುವ ಬಗ್ಗೆ ಕಳೆದ ತಿಂಗಳು ಮಂಗಳೂರಿನ ಸಭೆಯೊಂದರಲ್ಲಿ ಆಡಿದ ಮಾತು ಇದು. ಅಲ್ಲಿ ಅರ್ಧ ತುಳು, ಅರ್ಧ ಕನ್ನಡ ಬೆರೆಸಿ ಮಾತಾಡಿದ್ದೆ. ಬರೆಯುವಾಗ ಪೂರ್ತಿ ಕನ್ನಡಕ್ಕೆ ತಂದಿದ್ದೇನೆ. ಅವತ್ತು ಹೊತ್ತು ಸಾಲದೆ ಬಿಟ್ಟದ್ದನ್ನು ಕೆಲವು ಕಡೆ ಸೇರಿಸಿದ್ದೇನೆ.

ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಸುಮ್ನೆ ಕೇಳಿದ್ದಲ್ಲ, ನನ್ನ ಕೆಲಸವೇ ಅದು. ನಾನು ಕಿವಿ ಪರೀಕ್ಷೆ ಮಾಡುವವಳು. ಮಾತು ಬಾರದ ಮಕ್ಕಳಿಗೆ, ಮಾತು ಕಳಕೊಂಡ ದೊಡ್ಡವರಿಗೆ ಮಾತು ಕಲಿಸುವವಳು. ಈ ಹುದ್ದೆಗೆ ಇಂಗ್ಲಿಷಿನಲ್ಲಿ 'ಆಡಿಯಾಲಜಿಸ್ಟ್ ಆಂಡ್ ಸ್ಪೀಚ್ ಲ್ಯಾಂಗ್ವೇಜ್ ಪೆಥಾಲಜಿಸ್ಟ್' ಎಂಬ ಉದ್ದದ ಹೆಸರಿದೆ. ನನ್ನ ಅಮ್ಮನ ಬಾಯಿಗೆ ಅದು ಇವತ್ತಿಗೂ ಬರುವುದಿಲ್ಲ. ಮದುವೆ ಮನೆಯಲ್ಲಿ ಯಾರಾದರೂ ಮಗಳು ಎಲ್ಲಿದ್ದಾಳೆ ಎಂದು ಕೇಳಿದರೆ, 'ಆಸ್ಪತ್ರೆಯಲ್ಲಿದ್ದಾಳೆ' ಅನ್ನುತ್ತಾರೆ. ಕೇಳಿದವರು 'ಅಯ್ಯೋ, ಏನಾಯ್ತು?' ಎಂದು ಗಾಬರಿ ಬೀಳುತ್ತಾರೆ.

ನಮ್ಮಂಥವರ ಎಲ್ಲರ ಕಥೆಯೂ ಇದೇ. ಫಿಸಿಯೋಥೆರಪಿಯವರನ್ನು ಊರಲ್ಲಿ 'ಕರೆಂಟ್ ಕೊಡುವವರು' ಅನ್ನುತ್ತಾರೆ. ಆಪ್ಟೋಮೆಟ್ರಿಸ್ಟ್ ಅಂದರೆ ಕನ್ನಡಕದವರು. ಲ್ಯಾಬ್ ಟೆಕ್ನಿಷಿಯನ್ ಅಂದರೆ ರಕ್ತ ತೆಗೆಯುವವರು. ಎಕ್ಸ್‌ರೇ ತೆಗೆಯುವವರಿಗೆ 50 ವರ್ಷವಾದರೂ ಅವರು 'ಎಕ್ಸ್‌ರೇ ಹುಡುಗ'ನೇ. ದಿನನಿತ್ಯದ ಕೆಲಸಗಳನ್ನು ರೋಗಿ ತಾನೇ ಮಾಡಿಕೊಳ್ಳುವ ಹಾಗೆ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್‌ಗೆ ಅಡ್ಡಹೆಸರು ಕೂಡ ಇಲ್ಲ. ಅಂಥವರೊಬ್ಬರು ಇದ್ದಾರೆ ಎಂದು ಗೊತ್ತಿದ್ದರಲ್ಲವೇ ಹೆಸರಿಡುವುದು? ಸರ್ಕಾರ ನಮ್ಮನ್ನೆಲ್ಲ ಒಟ್ಟು ಸೇರಿಸಿ 'ಅಲೈಡ್ ಹೆಲ್ತ್' ಅನ್ನುತ್ತದೆ. ಹಿಂದೆ 'ಪ್ಯಾರಾಮೆಡಿಕಲ್' ಅನ್ನುತ್ತಿದ್ದರು. ಕಡತದಲ್ಲಿ ಪೂರಕ ಆರೋಗ್ಯ ವೃತ್ತಿಪರರು ಎಂದೂ ಬರೆಯುವುದುಂಟು. 2021ರಲ್ಲಿ ಸಂಸತ್ತು ಇದಕ್ಕೆಂದೇ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಅದರ ಪಟ್ಟಿಯಲ್ಲಿ 10 ಗುಂಪುಗಳಿವೆ, 50ಕ್ಕೂ ಜಾಸ್ತಿ ವೃತ್ತಿಗಳಿವೆ. ತಮಾಷೆ ಅಂದರೆ ನನ್ನ ವೃತ್ತಿ ಆ ಪಟ್ಟಿಯಲ್ಲಿಲ್ಲ. ನಮ್ಮದು 1992ರ ಪುನರ್ವಸತಿ ಮಂಡಳಿ ಕಾಯ್ದೆಯ ಲೆಕ್ಕಕ್ಕೆ ಬರುತ್ತದೆ. ಆದರೂ ಇವತ್ತು ಎಲ್ಲರ ಪರವಾಗಿ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈಗ ಈ ಸಭಾಂಗಣದ ಹೊರಗೆ ನೋಡಿ. ಕರ್ನಾಟಕದಲ್ಲಿ ಇಷ್ಟು ಹತ್ತಿರ ಹತ್ತಿರ ಇಷ್ಟು ಆಸ್ಪತ್ರೆಗಳಿರುವ ಊರು ಬೆಂಗಳೂರು ಬಿಟ್ಟರೆ ಇನ್ನು ಎಷ್ಟಿದೆ? ವೆನ್ಲಾಕ್ ಆಸ್ಪತ್ರೆ 1848ರದ್ದು. ಫಾದರ್ ಮುಲ್ಲರ್ 1880ರಲ್ಲಿ ಕಂಕನಾಡಿಯ ಆಲದ ಮರದ ಕೆಳಗೆ ಹೋಮಿಯೋಪತಿ ಔಷಧಿ ಕೊಡಲು ಶುರು ಮಾಡಿದರು ಎಂದು ನಾವೆಲ್ಲ ಕೇಳಿದ್ದೇವೆ. ಇವತ್ತು ಅಲ್ಲಿ ಫಿಸಿಯೋಥೆರಪಿ, ವಾಕ್ ಮತ್ತು ಶ್ರವಣ ಎಲ್ಲವನ್ನೂ ಕಲಿಸುತ್ತಾರೆ. ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. ಈಗ ಅದೇ ಗುಡ್ಡದ ಮೇಲೆ ಅಲೈಡ್ ಹೆಲ್ತ್‌ಗೆಂದೇ ಬೇರೆ ಕಾಲೇಜಿದೆ. ದೇರಳಕಟ್ಟೆಯಲ್ಲಂತೂ ಬಸ್ಸಿಳಿದರೆ ಬಿಳಿ ಕೋಟು ಬಿಟ್ಟು ಬೇರೇನೂ ಕಾಣುವುದಿಲ್ಲ. 2020ರ ಮಾರ್ಚಿನಲ್ಲಿ ಕೋವಿಡ್ ಎಂದು ಕೇರಳ ಕಡೆಯ ತಲಪಾಡಿ ಗಡಿ ಮುಚ್ಚಿದಾಗ ಕಾಸರಗೋಡಿನವರು ಪಟ್ಟ ಪಾಡು ನೆನಪಿರಬೇಕು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಪಕ್ಕದ ರಾಜ್ಯದ ಒಂದು ಜಿಲ್ಲೆಯೇ ಚಿಕಿತ್ಸೆಗೆ ನಮ್ಮ ಊರನ್ನು ನಂಬಿ ಕೂತಿತ್ತು.

ಅಂಥ ಊರಿನಲ್ಲಿ ನಿಂತು ಕೊರತೆಯ ಬಗ್ಗೆ ಮಾತಾಡಿದರೆ ಸಮುದ್ರದ ಎದುರು ನಿಂತು ಮೀನಿಲ್ಲ ಎಂದು ಹೇಳಿದ ಹಾಗೆ. ಆದರೆ ಪೇಟೆಯಲ್ಲಿ ಕೊರತೆ ಇದೆ ಎಂದು ನಾನು ಹೇಳುತ್ತಿಲ್ಲ. ಇಲ್ಲಿಂದ ಪೂರ್ವಕ್ಕೆ ಬಸ್ಸು ಹತ್ತಿ. ಪುತ್ತೂರು 50 ಕಿಲೋಮೀಟರು. ಅಲ್ಲಿಗೆ ಇನ್ನೂ ಪರವಾಗಿಲ್ಲ, ಖಾಸಗಿಯವರಿದ್ದಾರೆ. ಸುಳ್ಯದಲ್ಲೂ ಮೆಡಿಕಲ್ ಕಾಲೇಜಿದೆ. ಅದನ್ನೂ ಬಿಟ್ಟು ಒಳಗೆ ಹೋಗಿ. ಕಡಬದ ಆಚೆ, ಬೆಳ್ತಂಗಡಿಯ ಘಟ್ಟದ ಬುಡ, ಉಡುಪಿಯ ಕಡೆ ಹೆಬ್ರಿಯ ಒಳಭಾಗ, ಬೈಂದೂರಿನ ಪೂರ್ವದ ಹಳ್ಳಿಗಳು. ಡಾಕ್ಟರು ಸಿಗುತ್ತಾರೆ. ಮೆಡಿಕಲ್ ಶಾಪ್ ಇದೆ. ನಮ್ಮ ಜಾತಿಯವರು ಮಾತ್ರ ಇಲ್ಲ. ಜಾತಿ ಅಂದದ್ದು ವೃತ್ತಿಯ ಅರ್ಥದಲ್ಲಿ, ದಯವಿಟ್ಟು ಬೇರೆ ತಿಳಿಯಬೇಡಿ.

'ದೊಡ್ಡ ವಿಷಯವೇನು, ಮಂಗಳೂರಿಗೆ ಬಂದರಾಯ್ತು' ಎಂದು ತುಂಬಾ ಜನ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನನಗೆ ಬುದ್ಧಿ ಕಲಿಸಿದ್ದು ಒಬ್ಬ ತಾಯಿ.

ಆಗ ನಾನು ಮಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಕಡಬ ಕಡೆಯ ಒಂದು ಮಗು. ಹುಟ್ಟಿನಿಂದ ಕಿವಿ ಕೇಳದು. ಮೂರು ವರ್ಷದ ಹೊತ್ತಿಗೆ ಕಾಕ್ಲಿಯರ್ ಇಂಪ್ಲಾಂಟ್ ಆಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಿವಿಯ ಒಳಗೆ, ಶಂಖದ ಹಾಗೆ ಸುರುಳಿಯಾದ ಭಾಗಕ್ಕೆ ಸಣ್ಣ ತಂತಿ ಹಾಕುತ್ತಾರೆ. ಹೊರಗೆ ಒಂದು ಯಂತ್ರ ಇಡುತ್ತಾರೆ. ಲಕ್ಷಗಟ್ಟಲೆ ಖರ್ಚಿನ ಕೆಲಸ. ಬಡವರಿಗೆ ಸರ್ಕಾರದ ಯೋಜನೆಯಿದೆ. ಆಪರೇಷನ್ ಆದ ಕೂಡಲೇ ಮಗು ಮಾತಾಡುತ್ತದೆ ಎಂದು ಮನೆಯವರು ಕಾಯುತ್ತಾರೆ. ಹಾಗೆ ಆಗುವುದಿಲ್ಲ. ಅಷ್ಟು ದಿನ ಶಬ್ದವೇ ಗೊತ್ತಿಲ್ಲದ ಮಗುವಿಗೆ ಈಗ ಶಬ್ದ ಬರುತ್ತದೆ, ಅಷ್ಟೇ. ಅದರಲ್ಲಿ ಯಾವುದು ಅಮ್ಮನ ಸ್ವರ, ಯಾವುದು ಮಿಕ್ಸಿ, ಯಾವುದು ಕಾಗೆ ಎಂದು ಒಂದೊಂದಾಗಿ ಕಲಿಸಬೇಕು. ಅದಕ್ಕೆ ವಾರಕ್ಕೆ ಎರಡು ಸಲವಾದರೂ ಥೆರಪಿ ಬೇಕು. ಒಂದು ತಿಂಗಳಲ್ಲ, ಒಂದೆರಡು ವರ್ಷ.

ಆ ತಾಯಿ ಬೀಡಿ ಕಟ್ಟುವವರು. ಬೆಳಿಗ್ಗೆ ಕತ್ತಲಿಗೇ ಎದ್ದು, ಮಗುವನ್ನು ಸೊಂಟದಲ್ಲಿಟ್ಟು, ಕಡಬಕ್ಕೆ ಜೀಪು. ಅಲ್ಲಿಂದ ಉಪ್ಪಿನಂಗಡಿಗೆ ಬಸ್ಸು. ಅಲ್ಲಿಂದ ಮಂಗಳೂರಿಗೆ ಮತ್ತೊಂದು. ಕಲ್ಲಡ್ಕದಲ್ಲಿ ಆಗ ಫ್ಲೈಓವರ್ ಕೆಲಸ. ಬಸ್ಸು ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ದೇವರಿಗೂ ಗೊತ್ತಿರಲಿಲ್ಲ. ಪಂಪ್‌ವೆಲ್‌ನಲ್ಲಿ ಇಳಿದು ಸಿಟಿ ಬಸ್ಸು. ನನ್ನ ಕೋಣೆಗೆ ಬರುವಾಗ ಮಗು ವಾಂತಿ ಮಾಡಿ, ಅತ್ತು, ನಿದ್ದೆ ಹೋಗಿರುತ್ತಿತ್ತು. ನಾನು 45 ನಿಮಿಷದ ಥೆರಪಿ ಮಾಡಬೇಕು. ನಿದ್ದೆ ಮಾಡುವ ಮಗುವಿಗೆ ಏನು ಥೆರಪಿ ಮಾಡುವುದು? ಅದರ ಮೇಲೆ ಒಂದು ದಿನ ನಾನು ಅವರಿಗೆ 'ತಡವಾಗಿ ಬಂದರೆ ಆಗುವುದಿಲ್ಲಮ್ಮ, ಬೇರೆಯವರೂ ಕಾಯುತ್ತಾರೆ' ಎಂದೆ. ಅವರು ಏನೂ ಹೇಳಲಿಲ್ಲ. ಹನ್ನೊಂದು ಸಲ ಬಂದರು. ಹನ್ನೆರಡನೇ ಸಲಕ್ಕೆ ಬರಲಿಲ್ಲ.

ಕೆಲವು ತಿಂಗಳ ನಂತರ ಫೋನ್ ಸಿಕ್ಕಿತು. ಯಂತ್ರ ಕಪಾಟಿನಲ್ಲಿ ಭದ್ರವಾಗಿದೆ ಎಂದರು. ಹಾಳಾಗಬಾರದಲ್ಲ ಎಂದು ಬಟ್ಟೆಯಲ್ಲಿ ಸುತ್ತಿಟ್ಟಿದ್ದಾರಂತೆ.

ಆ ದಿನ ನಾನು ಲೆಕ್ಕ ಹಾಕಿದೆ. ಅವರ ಮನೆಯಿಂದ ನನ್ನ ಕೋಣೆಗೆ 90 ಕಿಲೋಮೀಟರು. ಹೋಗಿ ಬಂದರೆ 180. ವಾರಕ್ಕೆ 2 ಸಲದ ಹಾಗೆ ವರ್ಷಕ್ಕೆ 104 ಸಲ. ಗುಣಿಸಿದರೆ 18,720 ಕಿಲೋಮೀಟರು. ಭೂಮಿಯ ಸುತ್ತಳತೆ ಸುಮಾರು 40,000. ಅಂದರೆ ನಾನು ಆ ಹೆಂಗಸಿಗೆ, ವರ್ಷಕ್ಕೆ ಅರ್ಧ ಭೂಮಿ ಸುತ್ತು, ಅದೂ ಮಗುವನ್ನು ಎತ್ತಿಕೊಂಡು ಎಂದು ಹೇಳಿದ್ದೆ. ಮತ್ತೆ ತಡ ಮಾಡಬೇಡ ಎಂದೂ ಹೇಳಿದ್ದೆ.

ನನಗೆ ಈ ಇಡೀ ವಿಷಯದಲ್ಲಿ ಹೇಳಲಿಕ್ಕಿರುವುದು ಇದೊಂದೇ. ಹಳ್ಳಿಯಲ್ಲಿ ಸರ್ಜನ್ ಇಲ್ಲದಿದ್ದರೆ ಕಷ್ಟ, ಒಪ್ಪಿದೆ. ಆದರೆ ಸರ್ಜನ್ ಹತ್ತಿರ ಒಂದು ಸಲ ಹೋಗಬೇಕು. ಸಾಲವೋ ಸೋಲವೋ ಮಾಡಿ, ಕಾರು ಗೊತ್ತು ಮಾಡಿ, ನೆರೆಮನೆಯವರನ್ನು ಕರಕೊಂಡು ಒಂದು ಸಲ ಹೇಗೋ ಹೋಗಿ ಬರಬಹುದು. ನಮ್ಮ ಹತ್ತಿರ ಒಂದು ಸಲ ಬಂದರೆ ಏನೂ ಆಗುವುದಿಲ್ಲ. ಐವತ್ತು ಸಲ, ನೂರು ಸಲ ಬರಬೇಕು. ಅದೇ 90 ಕಿಲೋಮೀಟರು ಸರ್ಜನ್‌ಗೆ ಒಂದು ದೂರ, ಥೆರಪಿಗೆ ಬೇರೆಯೇ ದೂರ. ನಕ್ಷೆಯಲ್ಲಿ ಆಸ್ಪತ್ರೆಗಳಿಗೆ ಚುಕ್ಕಿ ಇಟ್ಟು, ಇಷ್ಟು ಕಿಲೋಮೀಟರಿಗೆ ಒಂದು ಇದೆ ಎಂದು ಸಮಾಧಾನ ಪಡುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಡಯಾಲಿಸಿಸ್ ವಿಷಯದಲ್ಲಿ ಸರ್ಕಾರಕ್ಕೆ ಇದು ಅರ್ಥವಾಗಿದೆ, ನೋಡಿ. ವಾರಕ್ಕೆ ಎರಡು ಮೂರು ಸಲ, ಪ್ರತಿಸಲ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಬೇಕು. ದೂರದವರಿಗೆ ಸಾಧ್ಯವೇ ಇಲ್ಲ. 2016ರಲ್ಲಿ ಕೇಂದ್ರದ ಡಯಾಲಿಸಿಸ್ ಯೋಜನೆ ಬಂತು. ನಮ್ಮ ರಾಜ್ಯದಲ್ಲಿ ತಾಲೂಕು ಆಸ್ಪತ್ರೆಗಳಿಗೂ ಯಂತ್ರ ಹೋಯಿತು. ಯಂತ್ರದ ಜೊತೆ ಟೆಕ್ನಿಷಿಯನ್ ಕೂಡ ಹೋಗಲೇಬೇಕಾಯಿತು. ಯಾಕೆ ಹೋಯಿತು? ಡಯಾಲಿಸಿಸ್ ತಪ್ಪಿದರೆ ಮನುಷ್ಯ ಕೆಲವೇ ದಿನಗಳಲ್ಲಿ ಸಾಯುತ್ತಾನೆ. ಪೇಪರಿನಲ್ಲಿ ಬರುತ್ತದೆ. ಥೆರಪಿ ತಪ್ಪಿದರೆ ಯಾರೂ ಸಾಯುವುದಿಲ್ಲ. ಮನೆಯ ಮೂಲೆಯಲ್ಲಿ ಮಲಗಿರುತ್ತಾರೆ. ಮೂಲೆಯಲ್ಲಿ ಮಲಗಿದವರ ಸುದ್ದಿ ಯಾರು ಬರೆಯುತ್ತಾರೆ?

ಅಡಿಕೆ ಮರದಿಂದ ಬಿದ್ದವರನ್ನು ನೀವೆಲ್ಲ ನೋಡಿದ್ದೀರಿ. ಇಲ್ಲಿರುವ ಅರ್ಧ ಜನರ ಮನೆಯಲ್ಲಿ ತೋಟ ಇದೆ. ಕೊನೆ ತೆಗೆಯಲು, ಔಷಧಿ ಬಿಡಲು ಹತ್ತಿದವರು. ಬೆನ್ನುಹುರಿಗೆ ಪೆಟ್ಟು, ಸೊಂಟದ ಕೆಳಗೆ ಸ್ವಾಧೀನವಿಲ್ಲ. ಪೇಟೆಯ ಆಸ್ಪತ್ರೆಯಲ್ಲಿ ಆಪರೇಷನ್ ಚೆನ್ನಾಗಿಯೇ ಆಗುತ್ತದೆ. ಆಯುಷ್ಮಾನ್ ಕಾರ್ಡು ಕೆಲಸ ಮಾಡುತ್ತದೆ. ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲಿನಲ್ಲಿ ಒಂದು ಮಾತು ಇರುತ್ತದೆ: ಫಿಸಿಯೋಥೆರಪಿ ಮುಂದುವರಿಸಿ. ಎಲ್ಲಿ, ಯಾರ ಹತ್ತಿರ, ಯಾರ ದುಡ್ಡಿನಲ್ಲಿ ಎಂದು ಬರೆದಿರುವುದಿಲ್ಲ. ಆ ಕಾರ್ಡು ಆಸ್ಪತ್ರೆಯಲ್ಲಿ ಮಲಗಿದ್ದರೆ ಮಾತ್ರ. ಹೊರರೋಗಿಯಾಗಿ ದಿನಾ ಬಂದು ಹೋಗುವ ವ್ಯಾಯಾಮಕ್ಕೆ ಅದು ನಡೆಯುವುದಿಲ್ಲ.

ಅಂಥ ಒಬ್ಬರ ಮನೆಗೆ ನನ್ನ ಗೆಳತಿಯೊಬ್ಬಳ ಜೊತೆ ಹೋಗಿದ್ದೆ. ಅವಳು ಆಕ್ಯುಪೇಷನಲ್ ಥೆರಪಿಸ್ಟ್. ಬಿದ್ದು ಒಂದೂವರೆ ವರ್ಷವಾಗಿತ್ತು. ಬೆನ್ನಿಗೆ ಹುಣ್ಣು. ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು ಎಂದು ಯಾರೂ ಸರಿಯಾಗಿ ಹೇಳಿರಲಿಲ್ಲ, ಹೇಳಿದ್ದರೂ ಗಡಿಬಿಡಿಯಲ್ಲಿ ತಲೆಗೆ ಹೋಗಿರಲಿಲ್ಲ. ಅವಳು ಅವತ್ತು ಮಾಡಿದ್ದನ್ನು ಹೇಳುತ್ತೇನೆ. ಮನೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯ ನಡುವೆ ಕತ್ತರಿಸಿ ಕಕ್ಕಸಿನ ಕುರ್ಚಿ ಮಾಡಿಸಿದಳು. ಮಂಚದ ಮೇಲಿನ ಪಕ್ಕಾಸಿಗೆ ಹಗ್ಗ ಕಟ್ಟಿಸಿದಳು, ಕೈಯಲ್ಲಿ ಹಿಡಿದು ತಾನೇ ಏಳಲು. ಹೊಸ್ತಿಲಿಗೆ ಅಡಿಕೆ ಸಲಾಕೆಯ ಇಳಿಜಾರು. ಹಳೆ ಹಾಸಿಗೆಯನ್ನು ಎಲ್ಲಿ ಮಡಚಿ ಎಲ್ಲಿ ಒತ್ತಡ ತಪ್ಪಿಸಬೇಕು ಎಂದು ಹೆಂಡತಿಗೆ ಕಲಿಸಿದಳು. ಖರ್ಚು ನೂರೈವತ್ತು ರೂಪಾಯಿ, ಹಗ್ಗಕ್ಕೆ. ಆ ಮನುಷ್ಯ ಒಂದೂವರೆ ವರ್ಷದಲ್ಲಿ ಮೊದಲ ಸಲ ಅಂಗಳಕ್ಕೆ ಬಂದು, ತೋಟದ ಕಡೆ ನೋಡಿ, 'ಕೊಳೆರೋಗ ಹಿಡಿದಿದೆಯಲ್ಲ, ಬೋರ್ಡೋ ಬಿಡಲಿಲ್ಲವಾ?' ಎಂದು ಹೆಂಡತಿಗೆ ಬೈದರು. ಹೆಂಡತಿಗೆ ಎಷ್ಟು ಖುಷಿ ಅಂದರೆ, ಬೈಸಿಕೊಂಡೇ ಚಾ ತಂದು ಕೊಟ್ಟರು.

ಹಾಗಾದರೆ ನಮ್ಮವರು ಯಾಕೆ ಅಲ್ಲಿಗೆ ಹೋಗುವುದಿಲ್ಲ? ಈಗಿನ ಮಕ್ಕಳಿಗೆ ಸೇವಾ ಮನೋಭಾವ ಇಲ್ಲ ಎಂದು ಹಿರಿಯರು ಹೇಳುತ್ತಾರೆ. ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಸೇವೆ ಮಾಡಲು ಮೊದಲು ಕೂರಲು ಒಂದು ಕುರ್ಚಿ ಬೇಕಲ್ಲ? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್, ನರ್ಸ್, ಫಾರ್ಮಸಿಸ್ಟ್, ಲ್ಯಾಬ್ ಟೆಕ್ನಿಷಿಯನ್ ಹುದ್ದೆಗಳಿವೆ. ಥೆರಪಿಯವರಿಗೆ ಅಲ್ಲಿ ಹುದ್ದೆಯೇ ಇಲ್ಲ. ಮೇಲಕ್ಕೆ ಹೋದಂತೆ ಫಿಸಿಯೋಥೆರಪಿಸ್ಟ್ ಒಬ್ಬರು ಬರಬಹುದು. ನನ್ನಂಥವರು ಬೇಕಾದರೆ ಜಿಲ್ಲಾ ಆಸ್ಪತ್ರೆಗೇ ಬರಬೇಕು. ಅಲ್ಲೂ ಎಷ್ಟೋ ಹುದ್ದೆ ಗುತ್ತಿಗೆಯದ್ದು. ವರ್ಷ ವರ್ಷ ನವೀಕರಣ. ಸಾಲ ಮಾಡಿ ಖಾಸಗಿ ಕಾಲೇಜಿನಲ್ಲಿ ಓದಿದ ಹುಡುಗಿಗೆ ಗುತ್ತಿಗೆ ಕೆಲಸ ಕೊಟ್ಟು, ಬಾಡಿಗೆ ಮನೆಯೂ ಸಿಗದ ಊರಲ್ಲಿ ಒಬ್ಬಳೇ ಇರು ಅಂದರೆ ಅವಳು ಗಲ್ಫಿಗೆ ಹೋಗದೆ ಏನು ಮಾಡುತ್ತಾಳೆ? ನನ್ನ ಬ್ಯಾಚಿನಲ್ಲಿ ಊರಲ್ಲಿ ಉಳಿದವರನ್ನು ಲೆಕ್ಕ ಮಾಡಲು ಒಂದು ಕೈ ಸಾಕು. ಉಳಿದವರಲ್ಲಿ ನಾನೂ ಒಬ್ಬಳು, ಅದೂ ಗಂಡನ ಮನೆ ಇಲ್ಲೇ ಇದ್ದ ಕಾರಣಕ್ಕೆ. ತ್ಯಾಗ ಗೀಗ ಏನೂ ಇಲ್ಲ.

ಹುದ್ದೆ ಇಲ್ಲ ಅಂದರೆ ಖಾಲಿ ಹುದ್ದೆಯ ಲೆಕ್ಕದಲ್ಲೂ ಅದು ಬರುವುದಿಲ್ಲ ಎಂಬುದನ್ನು ಗಮನಿಸಿ. ಡಾಕ್ಟರ್ ಹುದ್ದೆ ಖಾಲಿ ಇದ್ದರೆ ಶಾಸಕರು ವಿಧಾನಸಭೆಯಲ್ಲಿ ಪ್ರಶ್ನೆ ಕೇಳುತ್ತಾರೆ. ಇಲ್ಲದ ಹುದ್ದೆ ಖಾಲಿಯಾಗುವುದು ಹೇಗೆ? ಕಾಗದದ ಮೇಲೆ ಕೊರತೆಯೇ ಇಲ್ಲ. ಇದರ ನಡುವೆ 2025ರ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಫಿಸಿಯೋಥೆರಪಿಯವರು ಹೆಸರಿನ ಮುಂದೆ 'ಡಾ.' ಹಾಕಬಹುದೋ ಬಾರದೋ ಎಂದು ದೊಡ್ಡ ಗಲಾಟೆ ಆಯಿತು. ಬಾರದು ಎಂದು ಪತ್ರ ಬಂತು, ಬೆನ್ನಿಗೇ ವಾಪಸ್ಸಾಯಿತು. ಟಿವಿಯಲ್ಲಿ ಚರ್ಚೆ. ನನ್ನ ಊರಿನ ಅಡಿಕೆ ಮರದಿಂದ ಬಿದ್ದವರ ಹೆಂಡತಿಗೆ, ಬಂದವರನ್ನು ಡಾಕ್ಟ್ರೇ ಅಂದರೂ ಸರಿ, ಅಕ್ಕಾ ಅಂದರೂ ಸರಿ. ಬಂದರೆ ಸಾಕು.

ಲ್ಯಾಬು, ಎಕ್ಸ್‌ರೇ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮಗೇ ಗೊತ್ತು. ಯಂತ್ರ ಉದ್ಘಾಟನೆಗೆ ಮಂತ್ರಿ ಬರುತ್ತಾರೆ. ನಡೆಸುವವರು ಒಬ್ಬರೇ. ಅವರ ಮಗಳ ಮದುವೆ ಇದ್ದರೆ ಆ ವಾರ ತಾಲೂಕಿನಲ್ಲಿ ಯಾರೂ ಕೈ ಮುರಿದುಕೊಳ್ಳಬಾರದು.

ಇನ್ನು ಭಾಷೆ. ಇದು ನನ್ನದೇ ಕ್ಷೇತ್ರ, ಸ್ವಲ್ಪ ಹೊತ್ತು ಹಿಡಿಯುತ್ತೇನೆ. ಬೇರೆ ಕೆಲಸಕ್ಕೆ ಹೊರಗಿನಿಂದ ಜನ ತರಬಹುದು. ರಕ್ತ ಯಾರು ತೆಗೆದರೂ ರಕ್ತವೇ. ಮಾತಿನ ಥೆರಪಿಗೆ ಹಾಗಲ್ಲ. ನಮ್ಮ ಎರಡು ಜಿಲ್ಲೆಗಳಲ್ಲಿ ಮನೆ ಭಾಷೆ ಎಷ್ಟಿವೆ? ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ, ಹವ್ಯಕ, ಸುಳ್ಯದ ಕಡೆ ಅರೆಭಾಷೆ, ಮರಾಟಿ, ಕೊರಗರ ಭಾಷೆ. ಕಾಲೇಜುಗಳಲ್ಲಿ ಓದುವವರಲ್ಲಿ ತುಂಬಾ ಮಕ್ಕಳು ಕೇರಳದವರು, ಇನ್ನೂ ದೂರದವರು. ಜಾಣ ಮಕ್ಕಳು, ನನಗಿಂತ ಚೆನ್ನಾಗಿ ಓದಿದವರು. ಆದರೆ ಮನೆಯಲ್ಲಿ ಅರೆಭಾಷೆ ಮಾತ್ರ ಕೇಳಿದ ಎರಡೂವರೆ ವರ್ಷದ ಮಗುವಿನ ಮುಂದೆ ಇಂಗ್ಲಿಷ್ ಚಿತ್ರದ ಕಾರ್ಡು ಹಿಡಿದು, ಮುರುಕು ಕನ್ನಡದಲ್ಲಿ 'ಇದು ಏನು?' ಎಂದು ಕೇಳಿದರೆ ಮಗು ಏನು ಹೇಳಬೇಕು? ಕಾರ್ಡಿನಲ್ಲಿ ಇರುವುದು ಹಿಮದ ಗೊಂಬೆ! ಮಗು ಉತ್ತರ ಕೊಡಲಿಲ್ಲ ಎಂದು ವರದಿಯಲ್ಲಿ ಬರೆಯುತ್ತಾರೆ.

ಸ್ಟ್ರೋಕ್ ಆದ ಒಬ್ಬ ಅಜ್ಜ ಇದ್ದರು. ಗೇಣಿಯ ಕಾಲದಿಂದ ಗದ್ದೆ ಮಾಡಿದವರು. ಮಾತು ಪೂರ್ತಿ ಹೋಗಿತ್ತು. ಹೆಂಡತಿಯ ಹೆಸರು ಬಾರದು, ನೀರು ಎನ್ನಲು ಬಾರದು. ಪೇಟೆಯಲ್ಲಿ ಎರಡು ವಾರ ಕಾರ್ಡು ತೋರಿಸಿ, ಪ್ರಗತಿ ಇಲ್ಲ ಎಂದು ಕಳಿಸಿದ್ದರು. ಅವರ ಮನೆ ನನ್ನ ತವರಿನ ಹತ್ತಿರ. ಒಂದು ಶನಿವಾರ ಹೋಗಿ ಕೂತೆ. ನಾನೂ ಕಾರ್ಡೇ ತೆಗೆದೆ, ಸುಳ್ಳು ಹೇಳಬಾರದು. ಏನೂ ಬರಲಿಲ್ಲ. ಪಕ್ಕದಲ್ಲಿ ಅವರ ಸೊಸೆ ಅಕ್ಕಿ ಅಳೆಯುತ್ತಿದ್ದಳು, ಸೇರಿನಲ್ಲಿ. ಮೊದಲ ಸೇರು ಸುರಿಯುವಾಗ ಅಜ್ಜನ ಬಾಯಿಂದ ಸ್ಪಷ್ಟವಾಗಿ ಬಂತು: 'ಲಾಭ'. ನಮ್ಮಲ್ಲಿ ಅಳೆಯುವಾಗ ಒಂದು ಅನ್ನುವುದಿಲ್ಲ, ಲಾಭ ಎಂದೇ ಶುರು ಮಾಡುವುದು. ಸೊಸೆ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಅಳೆಯಮ್ಮಾ ಎಂದೆ. ಎರಡನೇ ಸೇರು. 'ರಡ್ಡ್.' ಮೂರನೇದು. 'ಮೂಜಿ.' ಹತ್ತರವರೆಗೆ ಹೋದರು.

ಇದರಲ್ಲಿ ಪವಾಡವೇನಿಲ್ಲ. ಮಾತಿನ ಭಾಗಕ್ಕೆ ಪೆಟ್ಟು ಬಿದ್ದರೂ ಎಣಿಕೆ, ಪ್ರಾರ್ಥನೆ, ಹಾಡು, ಬೈಗುಳ ಇಂಥವು ಎಷ್ಟೋ ಸಲ ಉಳಿದಿರುತ್ತವೆ. ನಾವು ಅಲ್ಲಿಂದ ಹಿಡಿದು ಮುಂದಕ್ಕೆ ಎಳೆಯುತ್ತೇವೆ. ಪುಸ್ತಕದಲ್ಲಿ ಇದು ಇದೆ. ಆದರೆ ಅಜ್ಜನ ಬಾಯಲ್ಲಿ ಉಳಿದಿರುವುದು 'ಒಂದು' ಅಲ್ಲ, 'ಲಾಭ' ಎಂದು ಪುಸ್ತಕದಲ್ಲಿ ಇರುವುದಿಲ್ಲ. ತುಳು ಗೊತ್ತಿಲ್ಲದ ಥೆರಪಿಸ್ಟ್ ಅದನ್ನು ಕೇಳಿದ್ದರೆ, ಅರ್ಥವಿಲ್ಲದ ಶಬ್ದ ಎಂದು ಬರೆದುಕೊಳ್ಳುತ್ತಿದ್ದಳು. ಸೊಸೆಗೆ ಅಭ್ಯಾಸ ಹೇಳಿಕೊಟ್ಟು ಬಂದೆ. ಮೂರು ತಿಂಗಳಲ್ಲಿ ಅಜ್ಜ ನೀರು, ಚಾ, ಮೂತ್ರ, ನೋವು, ಇಷ್ಟು ಹೇಳುವ ಹಾಗಾದರು. ಹೆಂಡತಿಯ ಹೆಸರು ಕೊನೆಗೂ ಬರಲಿಲ್ಲ. ಮೊದಲೂ ಕರೆಯುತ್ತಿರಲಿಲ್ಲವಂತೆ.

ಹಾಗಾಗಿ ನನ್ನ ಮೊದಲ ಬೇಡಿಕೆ: ಸುಳ್ಯದ, ಹೆಬ್ರಿಯ, ಬೈಂದೂರಿನ ಮಕ್ಕಳನ್ನು ಈ ಕೋರ್ಸಿಗೆ ಸೇರಿಸಿ. ಇದು ಊರ ಅಭಿಮಾನದ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ, ಮತ್ತೆ 2021ರಲ್ಲಿ, ಹಳ್ಳಿಗಳಲ್ಲಿ ಆರೋಗ್ಯ ಸಿಬ್ಬಂದಿ ಉಳಿಯುವಂತೆ ಮಾಡುವುದು ಹೇಗೆ ಎಂದು ಮಾರ್ಗಸೂಚಿ ಕೊಟ್ಟಿದೆ. ಅದರಲ್ಲಿ ಹಳ್ಳಿಯಲ್ಲಿ ಬೆಳೆದವರನ್ನೇ ಓದಿಸಿ ಎಂಬುದು ಮುಖ್ಯ ಮಾತು. ಅವರು ವಾಪಸ್ ಬರುವ ಸಾಧ್ಯತೆ ಜಾಸ್ತಿ. ಫೀಸಿನ ವಿಷಯ ಎತ್ತಿದರೆ ಇಲ್ಲಿ ಕಾಲೇಜು ನಡೆಸುವವರು ಕೆಲವರು ಕೂತಿದ್ದಾರೆ, ಅವರ ಮುಖ ನೋಡಿಯೇ ಹೇಳುತ್ತಿದ್ದೇನೆ. ವರ್ಷಕ್ಕೆ ತಾಲೂಕಿಗೆ ಒಂದು ಸೀಟು. ಫೀಸು ಬೇಡ. ಬದಲಿಗೆ ಮೂರು ವರ್ಷ ಅದೇ ತಾಲೂಕಿನಲ್ಲಿ ಕೆಲಸ. ಎಂಬಿಬಿಎಸ್‌ನವರಿಗೆ ಕಡ್ಡಾಯ ಗ್ರಾಮೀಣ ಸೇವೆಗೆ ರಾಜ್ಯದಲ್ಲಿ 2012ರ ಕಾಯ್ದೆಯೇ ಇದೆ. ನಮ್ಮವರಿಗೆ ಕಡ್ಡಾಯ ಬೇಡ, ಒಂದು ಒಪ್ಪಂದ ಸಾಕು.

ಆಸ್ಟ್ರೇಲಿಯಾದಲ್ಲೂ ಇದೇ ಗೋಳು. ಅಲ್ಲಿನ ದೂರಗಳ ಮುಂದೆ ನಮ್ಮ 90 ಕಿಲೋಮೀಟರು ಏನೂ ಅಲ್ಲ. ಅವರು ಊರುಗಳಿಗೆ ದೂರದ ಲೆಕ್ಕದಲ್ಲಿ 1ರಿಂದ 7ರವರೆಗೆ ದರ್ಜೆ ಕೊಟ್ಟಿದ್ದಾರೆ. ಹಳ್ಳಿಗೆಂದೇ ಥೆರಪಿಯವರನ್ನು ತಯಾರು ಮಾಡುವ ತರಬೇತಿ ಇದೆ. ಒಬ್ಬ ಫಿಸಿಯೋ ಬರೀ ಮೊಣಕಾಲು ಮಾತ್ರ ನೋಡುತ್ತೇನೆ ಎಂದರೆ ಅಲ್ಲಿ ಆಗುವುದಿಲ್ಲ. ಎಲ್ಲವನ್ನೂ ಒಂದಿಷ್ಟು ನೋಡಬೇಕು, ಸಹಾಯಕರಿಗೆ ಕಲಿಸಿ ಅವರಿಂದ ಮಾಡಿಸಬೇಕು.

ಸಹಾಯಕರು ಅಂದಾಗ ನಮ್ಮಲ್ಲಿ ಇಲ್ಲ ಎಂದುಕೊಳ್ಳಬೇಡಿ. ಇದ್ದಾರೆ. ಪಂಚಾಯಿತಿ ಮಟ್ಟದಲ್ಲಿ ವಿ.ಆರ್.ಡಬ್ಲ್ಯೂ., ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು; ತಾಲೂಕಿಗೆ ಎಂ.ಆರ್.ಡಬ್ಲ್ಯೂ., ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಅವರೇ ಅಂಗವಿಕಲರು, ಊರಿನವರು, ಊರ ಭಾಷೆಯವರು. ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಎಂದು ಅವರ ಬಾಯಲ್ಲಿದೆ. ಆದರೆ ಅವರ ಕೈಗೆ ನಾವು ಕೊಟ್ಟಿರುವುದು ಫಾರಂ ಮಾತ್ರ. ಪಿಂಚಣಿ ಅರ್ಜಿ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿನ ಅರ್ಜಿ. ಅವರಿಗೆ ಗೌರವಧನವೂ ಕಡಿಮೆ. ಅವರಿಗೆ ಮಗ್ಗುಲು ಬದಲಿಸುವುದು, ಮಗುವಿನ ಕಾಲು ಚಾಚಿಸುವುದು, ಕಿವಿ ಯಂತ್ರದ ಬ್ಯಾಟರಿ ಹಾಕುವುದು ಕಲಿಸಿ, ತಿಂಗಳಿಗೊಮ್ಮೆ ಥೆರಪಿಸ್ಟ್ ಹೋಗಿ ನೋಡಿದರೆ, ನೂರು ಸಲದ ಪ್ರಯಾಣ ಹತ್ತಕ್ಕೆ ಇಳಿಯುತ್ತದೆ. ಕಿವಿ ಇಂಪ್ಲಾಂಟಿನ ಮಗುವಿಗೆ ಹತ್ತು ಸಾಲದು, ಒಪ್ಪುತ್ತೇನೆ. ಆದರೆ ಸೊನ್ನೆಗಿಂತ ಎಷ್ಟೋ ಮೇಲು.

ವೀಡಿಯೋ ಕಾಲಿನಲ್ಲಿ ಮಾಡಬಹುದಲ್ಲ ಎಂದು ಕೇಳುತ್ತೀರಿ. ಮಾಡುತ್ತೇನೆ, 2020ರಿಂದ ಮಾಡುತ್ತಿದ್ದೇನೆ. ಮೊದಲು ಎದುರಾ ಎದುರು ನೋಡಿದವರಿಗೆ ಅದು ನಡೆಯುತ್ತದೆ. ನಮ್ಮ ಮಂಗಳೂರಿನ ಹೃದಯ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸಾಪಿನಲ್ಲಿ ನೋಡಿ ಸಲಹೆ ಕೊಡುವ ಏರ್ಪಾಡು ಮಾಡಿದ್ದು ನಿಮಗೆ ಗೊತ್ತು. ಎಷ್ಟೋ ಜೀವ ಉಳಿಸುವ ಕೆಲಸ. ಆದರೆ ಅಲ್ಲೂ ರೋಗಿಯ ಎದೆಗೆ ತಂತಿ ಸರಿಯಾದ ಜಾಗದಲ್ಲಿ ಅಂಟಿಸಲು ಒಂದು ಕೈ ಬೇಕು. ಇಸಿಜಿ ಒಂದು ಚಿತ್ರ, ಕಳಿಸಿದರೆ ಮುಗಿಯಿತು. ಮಡಚಿಕೊಂಡ ಕೈಯನ್ನು ಫೋನಿನೊಳಗಿಂದ ಬಿಡಿಸಲು ಆಗುವುದಿಲ್ಲ. ಮೇಲಿಂದ ನೆಟ್‌ವರ್ಕ್. ಸಿಗ್ನಲ್ ಸಿಗುವ ಜಾಗ ಗುಡ್ಡದ ಮೇಲೆ, ರೋಗಿ ಮನೆಯೊಳಗೆ.

ನಮ್ಮ ಜಿಲ್ಲೆಯಲ್ಲೇ ಒಂದು ಕಡೆ ಸೇವೆ ರೋಗಿಯ ಹತ್ತಿರ ಹೋಗಿದೆ, ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಗೇರು ತೋಟಗಳಿಗೆ ಸುಮಾರು 20 ವರ್ಷ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಪುತ್ತೂರು, ಬೆಳ್ತಂಗಡಿ, ಸುಳ್ಯದ ಹಳ್ಳಿಗಳಲ್ಲಿ ಅದನ್ನು ಅನುಭವಿಸಿದ ಮನೆಗಳು ಎಷ್ಟೋ. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ನಿಲ್ಲಿಸಿತು. ಜನ ಬೀದಿಗಿಳಿದು, ಕೋರ್ಟು ಹತ್ತಿ ಹೋರಾಡಿದ ಮೇಲೆ ಕೊಕ್ಕಡ ಮತ್ತು ಕೊಯಿಲದಲ್ಲಿ ಪಾಲನಾ ಕೇಂದ್ರ ಬಂತು. ಮಕ್ಕಳು ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ಹಾಸಿಗೆ ಹಿಡಿದವರಿಗೆ ಅಲ್ಲಿಗೂ ಹೋಗಲಾಗದು, ಆ ಕಷ್ಟ ಬೇರೆ. ಆದರೂ ಕೊಕ್ಕಡದಂಥ ಊರಿಗೆ ಇಂಥದ್ದು ಬರಬಹುದು ಎಂದಾಯಿತು. ವಿಷ ಬೀಳದ ಊರಿನವರಿಗೆ ಯಾಕೆ ಇಲ್ಲ ಎಂಬ ಪ್ರಶ್ನೆ ಕೇಳಲು ಸ್ವಲ್ಪ ಮುಜುಗರವಾಗುತ್ತದೆ, ಆದರೆ ಕೇಳಬೇಕು.

ಬಸ್ಸಿನ ಬಗ್ಗೆ ಒಂದು ಮಾತು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಪುತ್ತೂರು, ಸುಳ್ಯ ಕಡೆಯ ತಾಯಂದಿರು ನನ್ನ ಹತ್ತಿರ ತಪ್ಪದೆ ಬರುವುದು ಜಾಸ್ತಿಯಾಯಿತು. ಅಲ್ಲಿ ಕೆಎಸ್‌ಆರ್‌ಟಿಸಿ ಓಡುತ್ತದೆ. ಕುಂದಾಪುರದ ಒಳಗಿನ ದಾರಿಗಳಲ್ಲಿ ಹೆಚ್ಚಿನವು ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ತೆಗೆಯಲೇಬೇಕು. ಒಂದೇ ಸರ್ಕಾರ, ಒಂದೇ ಯೋಜನೆ. ಥೆರಪಿಗೆ ಬರುವುದು ಬಿಡುವುದು ಬಸ್ಸಿನ ಬಣ್ಣದ ಮೇಲೆ ನಿಂತಿದೆ. ಆರೋಗ್ಯ ಇಲಾಖೆಯ ಯಾವ ಸಭೆಯಲ್ಲೂ ಸಾರಿಗೆಯವರು ಕೂತದ್ದನ್ನು ನಾನು ನೋಡಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗೆ ಹೊತ್ತು ಕೊಟ್ಟಿದ್ದರು. ನಿವೃತ್ತ ಮಾಸ್ತರೊಬ್ಬರು ಎದ್ದು ನಿಂತು, 'ಇದೆಲ್ಲ ಸರಿ ಮೇಡಂ, ನಾಳೆ ಬೆಳಿಗ್ಗೆ ನಾನು ಏನು ಮಾಡಲಿ?' ಎಂದು ಕೇಳಿದರು. ನನಗೆ ಇಂಥ ಪ್ರಶ್ನೆ ಇಷ್ಟ. ಹತ್ತು ರೂಪಾಯಿ ಖರ್ಚು ಮಾಡಿ ಎಂದೆ. ಮಾಹಿತಿ ಹಕ್ಕಿನಲ್ಲಿ ನಿಮ್ಮ ತಾಲೂಕು ಆಸ್ಪತ್ರೆಗೆ ಒಂದು ಅರ್ಜಿ ಹಾಕಿ. ಫಿಸಿಯೋಥೆರಪಿಸ್ಟ್, ಆಡಿಯಾಲಜಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್, ಎಕ್ಸ್‌ರೇ, ಲ್ಯಾಬ್. ಒಂದೊಂದರಲ್ಲೂ ಮಂಜೂರಾದ ಹುದ್ದೆ ಎಷ್ಟು, ಕಾಯಂ ಎಷ್ಟು, ಗುತ್ತಿಗೆ ಎಷ್ಟು, ಎಷ್ಟು ದಿನದಿಂದ ಖಾಲಿ? ಉತ್ತರದಲ್ಲಿ 'ಹುದ್ದೆ ಮಂಜೂರಾಗಿಲ್ಲ' ಎಂದು ಬಂದ ಸಾಲುಗಳಿಗೆ ಕೆಂಪು ಗೀಟು ಹಾಕಿ ಶಾಸಕರಿಗೆ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಕೊಡಿ. ಮಾಸ್ತರು ಆಮಂತ್ರಣ ಪತ್ರಿಕೆಯ ಹಿಂದೆ ಎಲ್ಲ ಬರೆದುಕೊಂಡರು. 'ಆಕ್ಯುಪೇಷನಲ್' ಕನ್ನಡದಲ್ಲಿ ಹೇಗೆ ಬರೆಯುವುದು ಎಂದು ಎರಡು ಸಲ ಕೇಳಿದರು.

ಹೊರಗೆ ಚಾ ಕುಡಿಯುವಾಗ ಒಬ್ಬರು ಹೆಂಗಸು ಹತ್ತಿರ ಬಂದರು. ಊರು ಬೈಂದೂರು ಕಡೆ. ಮಾವನಿಗೆ ಸ್ಟ್ರೋಕ್ ಆಗಿ ಐದು ವಾರ. ಎಡಗೈ ಏಳುವುದಿಲ್ಲ, ಮಾತು ತೊದಲುತ್ತದೆ. 'ನಮ್ಮ ಬದಿಗೆ ಯಾರಾದ್ರೂ ಇದ್ರಾ ಅಕ್ಕಾ?' ಎಂದು ಕೇಳಿದರು. ಮೊದಲ ಮೂರು ತಿಂಗಳು ಮುಖ್ಯ, ತಡ ಮಾಡಬೇಡಿ ಎನ್ನುತ್ತಾ ಫೋನಿನಲ್ಲಿ ಹುಡುಕಿದೆ. ಕುಂದಾಪುರದವರೆಗೆ ಹೆಸರುಗಳಿದ್ದವು. ಅದರಲ್ಲಿ ಒಬ್ಬಳಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಶನಿವಾರ ಮಧ್ಯಾಹ್ನದ ಮೇಲೆ ಮರವಂತೆವರೆಗೆ ಬರುತ್ತೇನೆ, ಅಲ್ಲಿಗೆ ಕರಕೊಂಡು ಬಂದರೆ ನೋಡುತ್ತೇನೆ ಎಂದಳು. ಮರವಂತೆಯಲ್ಲಿ ಎಲ್ಲಿ ಕೂರುವುದು ಎಂಬುದು ಇನ್ನೂ ತೀರ್ಮಾನ ಆಗಿರಲಿಲ್ಲ. ಗುರುತಿನವರ ಅಂಗಡಿ ಇದೆ, ಹಿಂದೆ ಒಂದು ಕೋಣೆ ಖಾಲಿ ಇದೆ, ಕೇಳಿ ನೋಡ್ತೇನೆ ಎಂದು ಆ ಹೆಂಗಸು ಹೇಳಿದರು.